ವೈರು ಸುಲಿಯೋರು ನಾವು, ಸುಲಿಗೆ ಅವರದು



ನಮಗೀಗ ಹೊಸದೊಂದು ಹೊಗಳಿಕೆ ಸಿಕ್ಕಿದೆ. ಊರು ಬಿಟ್ಟು ಪಟ್ಟಣಕ್ಕೆ ಬಂದು ವೈರಿಂಗ್ ಕೆಲಸಕ್ಕೆ ಸೇರಿದ ನಮ್ಮ ಹುಡುಗರನ್ನು ನೋಡಿ ಗುತ್ತಿಗೆದಾರರೂ ಮನೆ ಕಟ್ಟಿಸುವ ಯಜಮಾನರೂ ಒಂದು ಮಾತು ಆಡುತ್ತಾರೆ. "ಇವನಿಗೆ ಕೈಗುಣ ಇದೆ ಕಣ್ರೀ. ಎಂಥಾ ಗಟ್ಟಿ ವೈರ್ ಕೊಡಿ, ಒಳಗೆ ಒಂದು ಗೀರು ಬೀಳದ ಹಾಗೆ ಸುಲಿದು ಇಡ್ತಾನೆ." ಸ್ವಲ್ಪ ಸಲಿಗೆ ಬೆಳೆದ ಮೇಲೆ ನುಂಗಿಕೊಂಡಿದ್ದ ಮಾತೂ ಹೊರಗೆ ಬರುತ್ತದೆ. "ಸುಲಿಯೋದು ಅವರ ಜನಕ್ಕೆ ರಕ್ತದಲ್ಲೇ ಬಂದಿದೆ ಬಿಡಿ."

ಈ ಮಾತಿಗೆ ಉತ್ತರ ಕೊಡೋದಕ್ಕೇ ಈ ಬರಹ. ಕೈಗುಣ ಅಂತ ಹೊಗಳೋದು ಕೂಲಿ ಇಳಿಸುವ ಉಪಾಯ ಅಂತ ನಾವು ಹೇಳುತ್ತೇವೆ.

ಕೆಲವರು ಕೇಳಬಹುದು: ಉಳೋಕೆ ಭೂಮಿ ಇಲ್ಲ, ಹೂಳೋಕೆ ಸ್ಮಶಾನ ಇಲ್ಲ, ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಿಂತಿಲ್ಲ, ಇಂಥಾದ್ರಲ್ಲಿ ವೈರಿನ ಸಿಪ್ಪೆ ಹಿಡ್ಕೊಂಡು ಕೂತಿದ್ದೀರಲ್ಲ? ಜಾತಿ ದೊಡ್ಡ ಸಂಗತಿಗಳಲ್ಲಿ ಮಾತ್ರ ಕೂತಿರೋದಿಲ್ಲ ಸ್ವಾಮಿ. ಅರ್ಧ ಅಡಿ ವೈರಿನಲ್ಲೂ ಕೂತಿರುತ್ತದೆ. ಯಾರ ಕೈಯಲ್ಲಿ ಬ್ಲೇಡು, ಯಾರ ಕೈಯಲ್ಲಿ ಪೆನ್ನು ಅಂತ ನೋಡಿದರೆ ಸಾಕು, ಕಾಣುತ್ತದೆ.

ಮೊದಲು ಕೆಲಸ ಏನು ಅಂತ ನೋಡೋಣ. ಕಂಬದಿಂದ ಮನೆಯ ಮೀಟರಿಗೆ ಬರುವ ಸರ್ವೀಸ್ ವೈರು, ಬೋರ್‌ವೆಲ್ ಮೋಟರಿಗೆ ಇಳಿಯುವ ಚಪ್ಪಟೆ ಕೇಬಲ್ಲು, ಏಸಿಗೆ ಹೋಗುವ ದುಂಡನೆ ಕೇಬಲ್ಲು, ಇವಕ್ಕೆಲ್ಲ ಎರಡು ಚರ್ಮ. ತಾಮ್ರದ ಅಥವಾ ಅಲ್ಯುಮಿನಿಯಂ ತಂತಿಯ ಮೈಮೇಲೆ ಬಣ್ಣದ ತೆಳು ಹೊದಿಕೆ ಒಂದು. ಮನೆಯ ವೈರುಗಳಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನಷ್ಟೂ ಇರೋದಿಲ್ಲ. ಅಂಥ ಎರಡು ಮೂರು ತಂತಿ ಸೇರಿಸಿ ಮೇಲೊಂದು ಗಟ್ಟಿ ಕವಚ. ಮೀಟರ್ ಬೋರ್ಡಿನಲ್ಲಿ, ಸ್ವಿಚ್ ಡಬ್ಬಿಯಲ್ಲಿ ವೈರು ಕೂರಬೇಕಾದರೆ ಮೇಲಿನ ಈ ಕವಚ ಪೂರಾ ಹೋಗಬೇಕು, ಒಳಗಿನ ಹೊದಿಕೆಗೆ ಬ್ಲೇಡು ತಾಗಬಾರದು. ಇಷ್ಟೇ ಕೆಲಸ.

"ಇಷ್ಟೇನಾ" ಅನ್ನೋರು ಒಂದು ಸಲ ಕೂತು ಮಾಡಿ ನೋಡಲಿ. ಈ ಕವಚ ಹೆಚ್ಚಾಗಿ ಪಿವಿಸಿ. ಪಿವಿಸಿ ಹುಟ್ಟಾ ಗಡುಸಾದ ಪದಾರ್ಥ. ಅದನ್ನು ಬಗ್ಗುವ ಹಾಗೆ ಮಾಡೋದಕ್ಕೆ ಎಣ್ಣೆಯಂಥ ವಸ್ತು ಬೆರೆಸುತ್ತಾರೆ. ವರ್ಷಾನುಗಟ್ಟಲೆ ಬಿಸಿಲು ಕುಡಿದು, ಕರೆಂಟಿನ ಕಾವು ತಿಂದು ಆ ಎಣ್ಣೆ ಆರಿಹೋಗುತ್ತದೆ. ವೈರು ಒಣಗಿದ ಕೊರಡಾಗುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಕಡೆ ಚಳಿಗಾಲದ ಬೆಳಗಿನಲ್ಲಿ ಹೊಸ ವೈರು ಕೂಡ ಸೆಟೆದುಕೊಂಡಿರುತ್ತದೆ. ಹಳೆಯ ಮನೆಗಳ ರಿಪೇರಿಗೆ ಹೋದರೆ ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹಾಕಿ ಕೂರಿಸಿದ ರಬ್ಬರ್ ಕವಚದ ವೈರು ಸಿಕ್ಕರೂ ಸಿಕ್ಕೀತು. ಅದು ಮುಟ್ಟಿದರೆ ಪುಡಿ ಪುಡಿ.

ಕೆಲಸ ಬಲ್ಲವನು ಹೇಗೆ ಸುಲಿಯುತ್ತಾನೆ? ಸೆಟೆದ ವೈರನ್ನು ಮೊದಲು ಬಿಸಿಲಿಗೆ ಹಾಕುತ್ತಾನೆ, ಮೆತ್ತಗಾಗಲಿ ಅಂತ. ದುಂಡನೆ ಕೇಬಲ್ಲಾದರೆ ಸುತ್ತ ಒಂದು ಉಂಗುರ ಗೀಚುತ್ತಾನೆ. ಪೂರಾ ಕತ್ತರಿಸೋದಿಲ್ಲ. ಮುಕ್ಕಾಲು ಆಳಕ್ಕೆ ಬ್ಲೇಡು ನಿಲ್ಲಿಸಿ, ಅಲ್ಲಿ ವೈರನ್ನು ಅತ್ತ ಇತ್ತ ಬಗ್ಗಿಸಿದರೆ ಉಳಿದ ಕಾಲು ಭಾಗ ತಾನಾಗಿ ಬಾಯಿ ಬಿಡುತ್ತದೆ. ಆಮೇಲೆ ಎಳೆದು ಕಳಚುತ್ತಾನೆ. ಚಪ್ಪಟೆ ವೈರಾದರೆ ಎರಡು ತಂತಿಗಳ ನಡುವಿನ ತಗ್ಗಿನಲ್ಲಿ ತುದಿಯಿಂದ ಸೀಳಿ, ಬಾಳೆಹಣ್ಣಿನ ಸಿಪ್ಪೆ ಎಳೆದ ಹಾಗೆ ಎರಡೂ ಕಡೆ ಎಳೆಯುತ್ತಾನೆ. ಒಳಗಿನ ಹೊದಿಕೆಗೆ ಬಂದಾಗ ಬ್ಲೇಡನ್ನು ನೆಟ್ಟಗೆ ಇಡೋದಿಲ್ಲ, ಪೆನ್ಸಿಲ್ಲು ಹೆರೆಯುವ ಹಾಗೆ ಓರೆಯಾಗಿ ಇಡುತ್ತಾನೆ. ಎಷ್ಟು ಒತ್ತಬೇಕು ಅನ್ನೋದನ್ನು ಕಣ್ಣು ಹೇಳೋದಿಲ್ಲ, ಬೆರಳು ಹೇಳುತ್ತದೆ. ಇದು ವಿದ್ಯೆ. ಪುಸ್ತಕದಲ್ಲಿ ಬರೆದಿದ್ದರೆ ಇದಕ್ಕೆ ಮಾರ್ಕ್ಸು ಕೊಡುತ್ತಿದ್ದರು.

ಕೈ ತಪ್ಪಿದರೆ ಏನಾಗುತ್ತದೆ? ಅಲ್ಯುಮಿನಿಯಂ ತಂತಿಗೆ ಗೀರು ಬಿದ್ದರೆ ಬಗ್ಗಿಸಿದಾಗ ಅಲ್ಲೇ ಮುರಿಯುತ್ತದೆ. ಇಲ್ಲವೆ ಅರ್ಧ ಮುರಿದು ಸುಮ್ಮನೆ ಕೂತಿರುತ್ತದೆ. 2.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು 0.3 ಮಿಲಿಮೀಟರಿನ 36 ಎಳೆ ಸೇರಿಸಿ ಮಾಡಿರುತ್ತಾರೆ. ಬ್ಲೇಡು ಆಳಕ್ಕೆ ಇಳಿದರೆ ಕೆಲವು ಎಳೆ ಅಲ್ಲೇ ಹೋಗುತ್ತವೆ. ಗಾಯವಾದ ಉಳಿದ ಎಳೆಗಳು ಸ್ಕ್ರೂವಿನ ಕೆಳಗೆ ಒಂದೊಂದಾಗಿ ತುಂಡಾಗುತ್ತವೆ. ಹಿಡಿತ ಸಡಿಲ ಆಗುತ್ತದೆ. 2000 ವಾಟಿನ ಗೀಸರಿಗೆ ಇದೆಲ್ಲ ಗೊತ್ತಿಲ್ಲ, ಅದು ತನ್ನ 9 ಆಂಪಿಯರ್ ಎಳೆದೇ ಎಳೆಯುತ್ತದೆ. ಸಡಿಲವಾದ ಜಾಗ ಕಾಯುತ್ತದೆ, ಕರಗುತ್ತದೆ, ಒಂದು ದಿನ ಹತ್ತಿಕೊಳ್ಳುತ್ತದೆ. ಇನ್ನು ಹೊದಿಕೆಗೆ ಬಿದ್ದ ಗೀರು ತಗಡಿನ ಡಬ್ಬಿಗೆ ತಾಗಿತೋ, ಡಬ್ಬಿಗೇ ಕರೆಂಟು. ಈ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕರೆಂಟು ಹೊಡೆದು ಸತ್ತವರು ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಅಂತ ಸರ್ಕಾರದ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಕೊಡುತ್ತದೆ. ಅಷ್ಟೂ ಸಾವು ಸುಲಿದ ವೈರಿನಿಂದ ಅಂತ ನಾವು ಹೇಳೋದಿಲ್ಲ. ಕರೆಂಟಿನ ಕೆಲಸದಲ್ಲಿ ಸಣ್ಣ ಕೆಲಸ ಅನ್ನೋದು ಇಲ್ಲ ಅಂತ ಹೇಳುತ್ತೇವೆ.

ಇಷ್ಟು ಜವಾಬ್ದಾರಿಯ ಕೆಲಸಕ್ಕೆ ನಮ್ಮ ಹುಡುಗರ ಕೈಗೆ ಕೊಟ್ಟಿರೋದು ಏನು? ಮುರಿದ ಹ್ಯಾಕ್ಸಾ ಬ್ಲೇಡನ್ನು ಕಲ್ಲಿಗೆ ಮಸೆದು ಮಾಡಿಕೊಂಡ ಚೂರಿ. ಕ್ಷೌರದ ಬ್ಲೇಡಿನ ಅರ್ಧ. ಅದೂ ಇಲ್ಲದಿದ್ದರೆ ಬಾಯಲ್ಲಿರುವ ಹಲ್ಲು. ಯಾವ ಸೈಟಿಗೆ ಬೇಕಾದರೂ ಹೋಗಿ ನೋಡಿ, ಹೆಲ್ಪರ್ ಹುಡುಗನ ಎಡಗೈ ಹೆಬ್ಬೆರಳು ನೋಡಿ. ಗೀರಿನ ಮೇಲೆ ಗೀರು. ಗಾಯಕ್ಕೆ ಕಟ್ಟಿರೋದು ಇನ್ಸುಲೇಷನ್ ಟೇಪು. ಹಲ್ಲಿನಲ್ಲಿ ಕಚ್ಚಿ ಎಳೆಯುವವನಿಗೆ ಇನ್ನೊಂದು ಬಹುಮಾನವೂ ಇದೆ: ಕರೆಂಟಿನ ವೈರಿನ ಪಿವಿಸಿ ಕೆಡದೆ ಇರಲಿ ಅಂತ ಬಹುಕಾಲ ಅದಕ್ಕೆ ಸೀಸದ ಸಂಯುಕ್ತ ಬೆರೆಸುತ್ತಾ ಬಂದರು. ಸೀಸ ಮೈಗೆ ಸೇರಿದರೆ ನರಕ್ಕೆ, ಮೂತ್ರಪಿಂಡಕ್ಕೆ ವಿಷ. ಹದಿನೆಂಟು ತುಂಬದ ಹುಡುಗ ದಿನಕ್ಕೆ ಎಷ್ಟು ತುದಿ ಕಚ್ಚುತ್ತಾನೆ ಅಂತ ಯಾರು ಲೆಕ್ಕ ಇಟ್ಟಿದ್ದಾರೆ?

ಕವಚ ಸುಲಿಯೋದಕ್ಕೆ ಅಂತಲೇ ಉಪಕರಣ ಇದೆ. ಬ್ಲೇಡು ಎಷ್ಟು ಆಳಕ್ಕೆ ಇಳಿಯಬೇಕು ಅನ್ನೋದನ್ನು ತಿರುಪು ತಿರುಗಿಸಿ ಮೊದಲೇ ಗೊತ್ತು ಮಾಡಬಹುದು. ಒಳಗಿನ ಹೊದಿಕೆ ಮುಟ್ಟೋದಿಲ್ಲ, ಬೆರಳು ಕುಯ್ಯೋದಿಲ್ಲ. ಬೆಲೆ ಕೆಲವು ನೂರು ರೂಪಾಯಿ. ಲಕ್ಷಗಟ್ಟಲೆ ಬಿಲ್ಲು ಮಾಡುವ ಗುತ್ತಿಗೆದಾರನಿಗೆ ಅದು ಒಂದು ದಿನದ ಕಾಫಿ ಸಿಗರೇಟಿನ ಖರ್ಚು. ಯಾಕೆ ತಂದುಕೊಡೋದಿಲ್ಲ? ನಮ್ಮ ಬೆರಳು ಅದಕ್ಕಿಂತ ಅಗ್ಗ. ಅದಕ್ಕೇ.

ಇನ್ನು ಪೆನ್ನಿನ ಕಡೆ ಬರೋಣ. ಮನೆಯ ವೈರಿಂಗನ್ನು ಲೈಸೆನ್ಸ್ ಇರುವ ಗುತ್ತಿಗೆದಾರನೇ ಮಾಡಿಸಬೇಕು, ಅರ್ಹತಾ ಪತ್ರ ಇರುವವನ ಮೇಲ್ವಿಚಾರಣೆಯಲ್ಲಿ ಕೆಲಸ ನಡೆಯಬೇಕು ಅಂತ 1956ರ ವಿದ್ಯುತ್ ನಿಯಮಗಳಲ್ಲೇ ಬರೆದಿತ್ತು. ಅದರ ಜಾಗಕ್ಕೆ ಬಂದ 2010ರ ಸುರಕ್ಷತಾ ನಿಯಮಗಳಲ್ಲೂ, ಆಮೇಲೆ ಬಂದ 2023ರ ನಿಯಮಗಳಲ್ಲೂ ಅದೇ ಇದೆ. ಒಳ್ಳೆಯ ಕಾನೂನು. ನಡೆಯೋದು ಹೇಗೆ? ಲೈಸೆನ್ಸು ಒಬ್ಬನದು, ಅವನು ಸೈಟಿಗೆ ಕಾಲಿಡೋದಿಲ್ಲ. ಅವನ ಕೈಕೆಳಗೆ ಮೇಸ್ತ್ರಿ, ಅವನು ಬೈಕಿನಲ್ಲಿ ಬಂದು ಹೋಗುತ್ತಾನೆ. ಗೋಡೆ ಕೊರೆಯೋದು, ಪೈಪು ಹಾಕೋದು, ವೈರು ಎಳೆಯೋದು, ಸುಲಿಯೋದು, ಸ್ಕ್ರೂ ಬಿಗಿಯೋದು ಎಲ್ಲ ಹೆಲ್ಪರ್. ಕೆಲಸ ಮುಗಿದಾಗ ಕಂಪ್ಲೀಷನ್ ರಿಪೋರ್ಟಿಗೆ ಸಹಿ ಹಾಕೋನು ಲೈಸೆನ್ಸ್‌ದಾರ. ಆ ಕಾಗದದಲ್ಲಿ ಹೆಲ್ಪರನ ಹೆಸರು ಎಲ್ಲೂ ಇಲ್ಲ. ಹತ್ತು ವರ್ಷ ದುಡಿದರೂ ಇಲ್ಲ. ಆದರೆ ಮನೆಗೆ ಬೆಂಕಿ ಬಿದ್ದ ದಿನ ಇವನ ಹೆಸರು ಎಲ್ಲರಿಗೂ ನೆನಪಾಗುತ್ತದೆ. "ವೈರಿಂಗ್ ಮಾಡಿದ ಹುಡುಗ ಯಾರ್ರೀ? ಕರೆಸ್ರೀ ಅವನನ್ನ."

ಕೆಲಸ ಕೆಟ್ಟಾಗ ಅದು ನಮ್ಮದು, ಕೆಲಸ ಚೆಂದ ಆದಾಗ ಅದು ಲೈಸೆನ್ಸಿನದು. ವೈರು ಸುಲಿಯೋರು ನಾವು, ಸುಲಿಗೆ ಮಾಡೋರು ಅವರು.

ಈಗ ರಕ್ತದ ಮಾತಿಗೆ ಬರೋಣ. ನಮ್ಮ ತಾತಂದಿರು ಸತ್ತ ದನ ಸುಲಿದದ್ದು ನಿಜ. ಅದರಲ್ಲಿ ವಿದ್ಯೆ ಇದ್ದದ್ದೂ ನಿಜ. ಚೂರಿ ಒಂದು ಕೂದಲೆಳೆ ಹೆಚ್ಚು ಇಳಿದರೆ ತೊಗಲಿಗೆ ತೂತು, ತೂತು ಬಿದ್ದ ತೊಗಲಿಗೆ ಅರ್ಧ ಬೆಲೆ. ಅಂಥ ಕೈಯನ್ನು ಈ ಸಮಾಜ ಏನು ಮಾಡಿತು? ಹೊಲಸು ಅಂದಿತು. ಊರಾಚೆ ಇಟ್ಟಿತು. ಅವರು ಹದ ಮಾಡಿ ಹೊಲಿದ ಮೆಟ್ಟು ಮೆಟ್ಟಿಕೊಂಡೇ ಅವರ ನೆರಳು ಮೈಲಿಗೆ ಅಂದಿತು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಮಾನ ಇಲ್ಲದ ಕೆಲಸ ಬಿಡಿ ಅಂದರು. ಅದನ್ನು ಬಿಟ್ಟವರನ್ನು ಊರವರು ಸೊಕ್ಕು ಬಂತು ಅಂತ ಹೊಡೆದರು. ಬಿಡದೆ ಉಳಿದವರನ್ನೂ ಬಿಡಲಿಲ್ಲ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ನಮ್ಮವರನ್ನು ಕಾರಿಗೆ ಕಟ್ಟಿ ಬಡಿದರು. ಸುಲಿದರೂ ಏಟು, ಸುಲಿಯದಿದ್ದರೂ ಏಟು.

ಅಂಥವರ ಮಕ್ಕಳಿಗೆ ಈಗ "ಕೈಗುಣ" ಅನ್ನುತ್ತಾರೆ. ನಾವು ಕೇಳುತ್ತೇವೆ: ರಕ್ತದಲ್ಲಿ ಬಂದಿದ್ದರೆ ನಮ್ಮ ಹುಡುಗ ಮೊದಲ ಮೂರು ತಿಂಗಳು ಕೈ ಯಾಕೆ ಕುಯ್ದುಕೊಂಡ? ರಕ್ತದಲ್ಲಿ ಬಂದಿದ್ದರೆ ನಮ್ಮ ಹೆಣ್ಣುಮಕ್ಕಳಲ್ಲೂ ಅದೇ ರಕ್ತ ಇದೆಯಲ್ಲ, ಅವರನ್ನು ಇಟ್ಟಿಗೆ ಹೊರೋಕೆ ಕರೀತೀರಿ, ವೈರಿಂಗಿಗೆ ಯಾಕೆ ಕರೆಯೋದಿಲ್ಲ? ಈ ವಿದ್ಯೆ ರಕ್ತದಲ್ಲಿ ಬಂದದ್ದಲ್ಲ ಸ್ವಾಮಿ, ರಕ್ತ ಹೋಗಿ ಬಂದದ್ದು. ನಿಮ್ಮ ಮಗನನ್ನು ಕಳಿಸಿ, ನಾವು ಕಲಿಸುತ್ತೇವೆ. ಅವನಿಗೂ ಬರುತ್ತದೆ.

ಜಾತಿ ಅನ್ನೋದು ಕೆಲಸದ ಹಂಚಿಕೆ ಮಾತ್ರ ಅಲ್ಲ, ಕೆಲಸಗಾರರನ್ನೇ ಒಡೆದು ಒಬ್ಬರ ತಲೆ ಮೇಲೆ ಒಬ್ಬರನ್ನು ಕೂರಿಸೋದು ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ವೈರಿಂಗ್ ಕೆಲಸದ ಮೆಟ್ಟಿಲು ನೋಡಿ: ಗುತ್ತಿಗೆದಾರ, ಸೂಪರ್‌ವೈಸರು, ವೈರ್‌ಮನ್, ಹೆಲ್ಪರ್. ಇದು ಯಂತ್ರಯುಗದ ಕೆಲಸ, ಮನು ಇದನ್ನು ಕಂಡಿರಲಿಲ್ಲ. ಆದರೂ ಮೆಟ್ಟಿಲಿನ ತುದಿಯಲ್ಲಿ ಯಾರು, ಬುಡದಲ್ಲಿ ಯಾರು ಅಂತ ಪ್ರತಿ ಸೈಟಿನಲ್ಲೂ ಹೆಸರು, ಊರು, ಕೇರಿ ಕೇಳಿ ನೋಡಿ. ಕೈಗುಣ ಅಂತ ಒಪ್ಪಿಕೊಂಡ ಕೂಡಲೇ ಮೂರು ಲಾಭ ಅವರಿಗೆ. ಹುಟ್ಟಿನಿಂದ ಬಂದದ್ದಕ್ಕೆ ಕಲಿಸುವ ಖರ್ಚು ಇಲ್ಲ. ಹುಟ್ಟಿನಿಂದ ಬಂದದ್ದಕ್ಕೆ ಸರ್ಟಿಫಿಕೇಟು ಬೇಕಿಲ್ಲ. ಹುಟ್ಟಿನಿಂದ ಬಂದದ್ದಕ್ಕೆ ಹೆಚ್ಚು ಕೂಲಿ ಕೊಡಬೇಕಾಗಿಲ್ಲ.

ಇನ್ನೊಂದು ತಮಾಷೆ ನೋಡಿ. ಮನೆ ಕಟ್ಟುವಾಗ ದೇವರ ಮನೆಯ ದೀಪದ ಪಾಯಿಂಟಿಗೆ ವೈರು ಎಳೆಯೋನು ನಮ್ಮ ಹುಡುಗ. ಅಡಿಗೆಮನೆಯ ಮಿಕ್ಸಿ ಪಾಯಿಂಟಿಗೆ ಹಲ್ಲಿನಲ್ಲಿ ಕಚ್ಚಿ ವೈರು ಸುಲಿದೋನು ನಮ್ಮ ಹುಡುಗ. ಅವನ ಎಂಜಲು ಗೋಡೆಯೊಳಗೆ ಶಾಶ್ವತವಾಗಿ ಕೂತಿದೆ. ಗೃಹಪ್ರವೇಶದ ಹೋಮ ಆಗುತ್ತದೆ, ಗಂಜಲ ಚಿಮುಕಿಸುತ್ತಾರೆ. ಹದಿನೈದು ದಿನ ಬಿಟ್ಟು ಫ್ಯೂಸು ಹೋಯಿತು ಅಂತ ಅದೇ ಹುಡುಗನನ್ನು ಕರೆದರೆ ಬಾಗಿಲಲ್ಲಿ ಪ್ರಶ್ನೆ: "ನೀವು ಯಾವ ಜನ?" ನೀರು ಕೇಳಿದರೆ ಪ್ಲಾಸ್ಟಿಕ್ ಲೋಟ, ಅದೂ ಮೆಟ್ಟಿಲ ಮೇಲೆ. ದೇವರಿಗೆ ಬೆಳಕು ಕೊಟ್ಟ ಕೈ ದೇವರ ಮನೆಯ ಹೊಸಲು ದಾಟಬಾರದು!

ಈ ರಾಜ್ಯಕ್ಕೆ ಕರೆಂಟು ಬಂದ ಕಥೆಯೂ ಹೀಗೇ. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬಿಳಿಯರ ಯಂತ್ರ ತಿರುಗಿತು, ನೆಲದ ಕೆಳಗೆ ಕತ್ತಲಲ್ಲಿ ಕಲ್ಲು ಒಡೆದವರಲ್ಲಿ ಹೆಚ್ಚಿನವರು ನಮ್ಮವರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಎಷ್ಟೋ ಕೇರಿಗಳಿಗೆ ಒಂದು ಬಲ್ಬು ಬರೋದಕ್ಕೆ ಭಾಗ್ಯಜ್ಯೋತಿ ಅನ್ನೋ ಹೆಸರಿನಲ್ಲಿ 1980ರ ದಶಕದವರೆಗೆ ಕಾಯಬೇಕಾಯಿತು. ಬೇರೆಯವರ ಮನೆಗೆ ಬೆಳಕು, ನಮ್ಮ ಕೇರಿಗೆ ಭಾಗ್ಯ! 2023ರಲ್ಲಿ ಗೃಹಜ್ಯೋತಿ ಬಂತು, 200 ಯೂನಿಟ್‌ವರೆಗೆ ಬಿಲ್ಲು ಇಲ್ಲ ಅಂದರು. ಸಂತೋಷ. ಆದರೆ ಬಿಲ್ಲು ಮಾಫಿ ಆದರೆ ವೈರು ಹೊಸದಾಗೋದಿಲ್ಲ. ನಮ್ಮ ಕೇರಿಗಳಲ್ಲಿ ತಲೆ ಎತ್ತಿ ನೋಡಿ. ಶೀಟಿನ ಮೇಲೆ ಎಳೆದ ಸರ್ವೀಸ್ ವೈರು ಬಿಸಿಲಿಗೆ ಬಿರುಕು ಬಿಟ್ಟಿದೆ. ಸೈಟಿನಲ್ಲಿ ಮಿಕ್ಕ ತುಂಡು ವೈರುಗಳನ್ನು ಗಂಟು ಹಾಕಿ ಟೇಪು ಸುತ್ತಿ ಮನೆಯೊಳಗೆ ತಂದಿದ್ದಾರೆ. ಅರ್ಥಿಂಗ್ ಇಲ್ಲ. ಸೋರಿಕೆ ಕಂಡ ಕೂಡಲೇ ಕರೆಂಟು ಕತ್ತರಿಸುವ 30 ಮಿಲಿಆಂಪಿಯರಿನ ಸಾಧನ ಇಲ್ಲ. ಮಳೆ ಬಂದ ದಿನ ತಗಡಿನ ಬಾಗಿಲು ಮುಟ್ಟಿದರೆ ಜುಮ್ ಅನ್ನುತ್ತದೆ. ಊರಿಗೆಲ್ಲ ಗೀರು ಬೀಳದ ಹಾಗೆ ವೈರು ಸುಲಿದುಕೊಟ್ಟವನ ಮನೆ ಇದು.

ನಮ್ಮ ಪ್ರಶ್ನೆಗೆ ಅವರ ಹತ್ತಿರ ಮೂರು ಉತ್ತರ ರೆಡಿ ಇವೆ.

"ಒಳ್ಳೇ ಟೂಲ್ ಕೊಟ್ರೆ ಕಳೆದುಹಾಕ್ತಾರೆ." ಡ್ರಿಲ್ಲಿಂಗ್ ಮಿಷನ್ನು ಕೊಡ್ತೀರಿ, ಗೋಡೆ ಕೊರೆಯೋ ಮಿಷನ್ನು ಕೊಡ್ತೀರಿ, ಸಂಜೆ ಎಣಿಸಿ ವಾಪಸ್ ತಗೊಳ್ತೀರಿ. ನಿಮ್ಮ ಕೆಲಸ ಬೇಗ ಮುಗಿಸುವ ಉಪಕರಣ ಕಳೆಯೋದಿಲ್ಲ, ನಮ್ಮ ಬೆರಳು ಉಳಿಸುವ ಉಪಕರಣ ಮಾತ್ರ ಕಳೆಯುತ್ತದೆಯೋ?

"ನಾವೂ ಬ್ಲೇಡಿನಲ್ಲೇ ಕಲಿತವರು." ಇದನ್ನು ಹೇಳೋರು ಮೇಸ್ತ್ರಿಗಳು. ಅವರಲ್ಲಿ ನಮ್ಮವರೂ ಇದ್ದಾರೆ. ಅಣ್ಣ, ನಿನ್ನ ಬೆರಳಿನ ಗಾಯ ನಮಗೆ ಗೊತ್ತು. ನಿನ್ನ ಅಪ್ಪ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದು ಹೂಳು ಎತ್ತುತ್ತಿದ್ದ ಅಂತ ನಿನ್ನ ಮಗನೂ ಇಳಿಯಬೇಕೆ? ತಲೆ ಮೇಲೆ ಮಲ ಹೊರೋದನ್ನು ಈ ರಾಜ್ಯದಲ್ಲಿ 1970ರ ದಶಕದಲ್ಲಿ ಮಂತ್ರಿ ಬಸವಲಿಂಗಪ್ಪನವರು ನಿಲ್ಲಿಸಲು ಹೊರಟಾಗಲೂ "ಇದು ಹಿಂದಿನಿಂದ ಬಂದದ್ದು" ಅಂದವರಿದ್ದರು.

"ಲೈಸೆನ್ಸ್ ಬೇಕಾದ್ರೆ ಐಟಿಐ ಓದಲಿ." ಓದಲಿ, ನಾವೂ ಅದನ್ನೇ ಹೇಳೋದು. ಆದರೆ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಸಾಲಕ್ಕೆ ದುಡಿಯೋಕೆ ಬಂದವನು ಎರಡು ವರ್ಷ ಕೂಲಿ ಬಿಟ್ಟು ಹೇಗೆ ಓದಬೇಕು? ಹತ್ತು ವರ್ಷ ಅವನು ಮಾಡಿದ ಕೆಲಸವನ್ನೇ ಪರೀಕ್ಷೆ ಮಾಡಿ. ಕೆಲಸ ನೋಡಿ ಸರ್ಟಿಫಿಕೇಟ್ ಕೊಡುವ ಪದ್ಧತಿ ಕೇಂದ್ರದ ಕೌಶಲ ಯೋಜನೆಯಲ್ಲಿ 2015ರಿಂದ ಇದೆ. ಅದು ನಮ್ಮ ಕೇರಿಗೆ ಯಾಕೆ ಬರೋದಿಲ್ಲ? ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಗುತ್ತಿಗೆ ಮೀಸಲಾತಿ ಇದೆ. 2023ರಲ್ಲಿ ಅದರ ಮಿತಿಯನ್ನು 50 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಿದರು. ಲೈಸೆನ್ಸೇ ಇಲ್ಲದ ಹೆಲ್ಪರಿಗೆ ಆ ಕೋಟಿ ಯಾವ ಕೋಟೆಯೊಳಗಿದೆ?

ನಮ್ಮ ಹುಡುಗರಿಗೂ ನಾವು ಹೇಳೋದಿದೆ. ಹಲ್ಲಿನಲ್ಲಿ ಸುಲಿಯೋದನ್ನು ಇವತ್ತೇ ನಿಲ್ಲಿಸಿ. ಗೀರು ಬಿದ್ದರೆ ಟೇಪು ಸುತ್ತಿ ಮುಚ್ಚಬೇಡಿ, ಕತ್ತರಿಸಿ ಮತ್ತೆ ಸುಲಿಯಿರಿ. ಆ ನಾಲ್ಕು ಇಂಚು ವೈರು ಗುತ್ತಿಗೆದಾರನದು, ಅದರ ಆಚೆ ತುದಿಯಲ್ಲಿ ಇರೋ ಜೀವ ಯಾರದೋ. ಹೊಸದಾಗಿ ಬಂದ ಹುಡುಗನಿಗೆ ಬೈದು ಕಲಿಸಬೇಡಿ, ತೋರಿಸಿ ಕಲಿಸಿ. ಒಂದು ನೋಟ್ ಪುಸ್ತಕ ಇಡಿ. ಯಾವ ತಾರೀಕು, ಯಾವ ಸೈಟು, ಏನು ಕೆಲಸ, ಎಷ್ಟು ಕೂಲಿ, ಬರೆಯಿರಿ. 1996ರ ಕಾನೂನಿನಿಂದ ಹುಟ್ಟಿದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಅಲ್ಲಿ ಹೆಸರು ಬರೆಸಬಹುದು, ವೈರಿಂಗ್ ಕೆಲಸದವರೂ ಬರೆಸಬಹುದು. 90 ದಿನಕ್ಕೆ ಸಹಿ ಹಾಕಲು ಗುತ್ತಿಗೆದಾರ ಹಿಂದೆ ಮುಂದೆ ನೋಡಿದರೆ ಒಬ್ಬನೇ ಹೋಗಬೇಡಿ, ಹತ್ತು ಜನ ಹೋಗಿ.

ನಮ್ಮ ಹಕ್ಕೊತ್ತಾಯ ಇಷ್ಟು:

1. ಪ್ರತಿ ಹೆಲ್ಪರಿಗೂ ಗುತ್ತಿಗೆದಾರನ ಖರ್ಚಿನಲ್ಲಿ ಕವಚ ಸುಲಿಯುವ ಉಪಕರಣ, ಕೈಗವಸು, ಟೆಸ್ಟರ್ ಕೊಡಬೇಕು. ಸರ್ಕಾರಿ ಟೆಂಡರಿನಲ್ಲಿ ಇದು ಷರತ್ತಾಗಬೇಕು.

2. ಕಂಪ್ಲೀಷನ್ ರಿಪೋರ್ಟಿನಲ್ಲಿ ಕೆಲಸ ಮಾಡಿದ ಎಲ್ಲರ ಹೆಸರೂ ಇರಬೇಕು. ಬರೀ ಸಹಿ ಮಾರುವ ಲೈಸೆನ್ಸು ರದ್ದಾಗಬೇಕು.

3. ಅನುಭವ ಇರುವವರಿಗೆ ವೈರ್‌ಮನ್ ಪರ್ಮಿಟ್ಟಿನ ಪರೀಕ್ಷೆ ಕನ್ನಡದಲ್ಲಿ, ಕೈಕೆಲಸದ ಮೂಲಕ, ತಾಲ್ಲೂಕಿನಲ್ಲೇ ನಡೆಯಬೇಕು. ಪರೀಕ್ಷೆಯ ದಿನದ ಕೂಲಿಯನ್ನು ಸರ್ಕಾರ ಕೊಡಬೇಕು.

4. ನಮ್ಮ ಕೇರಿಗಳ ಹಳೆಯ ಸರ್ವೀಸ್ ವೈರು ಬದಲಾಗಬೇಕು. ಪ್ರತಿ ಮನೆಗೂ ಅರ್ಥಿಂಗ್ ಆಗಬೇಕು, ಸೋರಿಕೆ ತಡೆಯುವ ಸಾಧನ ಬರಬೇಕು. ಆ ಕೆಲಸವನ್ನು ಕೇರಿಯ ಹುಡುಗರಿಗೇ, ಪೂರ್ತಿ ಕೂಲಿಗೆ ಕೊಡಬೇಕು.

5. ಈ ಕೆಲಸದ ತರಬೇತಿಗೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಬೇಕು.

ಪ್ರತಿ ಶಾಖೆಯ ಗೆಳೆಯರೂ ತಮ್ಮ ಊರಿನ ವೈರಿಂಗ್ ಹುಡುಗರ ಪಟ್ಟಿ ಮಾಡಿ. ಮುಂದಿನ ಸಭೆಗೆ ಅವರನ್ನು ಕರೆತನ್ನಿ. ಸಭೆಯ ಮೈಕಿಗೆ, ದೀಪಕ್ಕೆ ವೈರು ಎಳೆಯೋಕೆ ಮಾತ್ರ ಕರೆಯಬೇಡಿ. ಆ ಮೈಕಿನ ಮುಂದೆ ನಿಂತು ಮಾತಾಡೋಕೆ ಕರೆಯಿರಿ.

ನಮ್ಮ ತಾತನಿಗೆ ಚೂರಿ ಕೊಟ್ಟು ಮೈಲಿಗೆ ಅಂದರು. ನಮಗೆ ಬ್ಲೇಡು ಕೊಟ್ಟು ಕೈಗುಣ ಅನ್ನುತ್ತಾರೆ. ಎರಡೂ ಬೇಡ. ಉಪಕರಣ ಕೊಡಿ, ಕೂಲಿ ಕೊಡಿ, ಕಾಗದದಲ್ಲಿ ನಮ್ಮ ಹೆಸರು ಬರೆಯಿರಿ.

ಜೈ ಭೀಮ್.